ವಾಗ್ಲೆಯ ಮನೆಯಿಂದ ಕಪಿಲ್‌ನ ಜಗಲಿಗೆ

1980ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ‘ವಾಗ್ಲೆ ಕಿ ದುನಿಯಾ’ ಎಂಬ ಹಿಂದಿ ಹಾಸ್ಯ ಧಾರಾವಾಹಿಯ ಕಂತೊಂದರಲ್ಲಿ ದೆಹಲಿಯ ಯುವ ನಟರೊಬ್ಬರು ಸಣ್ಣ ಪಾತ್ರ ಮಾಡಿದ್ದರು. ಆಗ ಅವರ ಹೆಸರು ಹೆಚ್ಚಿನವರಿಗೆ ತಿಳಿದಿರಲಿಲ್ಲ. 2013ರಲ್ಲಿ ಅದೇ ನಟ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ಎಂಬ ಹಾಸ್ಯ ಕಾರ್ಯಕ್ರಮಕ್ಕೆ ಬಂದರು. ಈ ಸಲ ಪಾತ್ರವಾಗಿ ಅಲ್ಲ, ಶಾರುಕ್ ಖಾನ್ ಆಗಿ. ತಮ್ಮ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರದ ಪ್ರಚಾರ ಅವರ ಉದ್ದೇಶವಾಗಿತ್ತು.

ಈ ಎರಡು ಭೇಟಿಗಳ ನಡುವೆ ಸುಮಾರು ಕಾಲು ಶತಮಾನದ ಅಂತರವಿದೆ. ಭಾರತೀಯ ಕಿರುತೆರೆಯ ಹಾಸ್ಯ ಆ ಅವಧಿಯಲ್ಲಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ತಿಳಿಯಲು ಇವೆರಡೇ ಸಾಕು. ಮೊದಲನೆಯದರಲ್ಲಿ ಗುಮಾಸ್ತನ ಮನೆಯೇ ಕಥೆ, ನಟ ಆ ಕಥೆಯೊಳಗೆ ಬಂದು ಹೋಗುವವನು. ಎರಡನೆಯದರಲ್ಲಿ ತಾರೆಯೇ ಕಥೆ, ಮನೆಯೆಂಬುದು ಅವನನ್ನು ಕೂರಿಸಲು ಹಾಕಿದ ಚಪ್ಪರ. ‘ಹಿಂದಿನ ಹಾಸ್ಯವೇ ಚೆನ್ನಾಗಿತ್ತು’ ಎಂದು ಹಿರಿಯರು ಹೇಳುವುದು ವಾಡಿಕೆ. ಅದು ಬರಿಯ ಹಳೆಯ ನೆನಪಿನ ಮೋಹವೇ, ಅಥವಾ ನಿಜವಾಗಿಯೂ ಏನಾದರೂ ಕಳೆದುಹೋಗಿದೆಯೇ?

ನಾಲ್ಕು ಗೋಡೆಗಳ ನಡುವಿನ ನಗೆ

ಇಂಗ್ಲಿಷಿನಲ್ಲಿ ‘ಸಿಟ್‌ಕಾಮ್’ ಎಂದು ಕರೆಯುವ ಪ್ರಕಾರವನ್ನು ಕನ್ನಡದಲ್ಲಿ ಸಂದರ್ಭ ಹಾಸ್ಯ ಎನ್ನಬಹುದು. ಅದೇ ಮನೆ ಅಥವಾ ಕಚೇರಿ, ಅದೇ ಐದಾರು ಜನ, ಪ್ರತಿ ವಾರ ಹೊಸದೊಂದು ತಾಪತ್ರಯ. ಕಂತು ಮುಗಿಯುವ ಹೊತ್ತಿಗೆ ಎಲ್ಲವೂ ಮೊದಲಿನಂತೆ. ಪಾತ್ರಗಳ ಸ್ವಭಾವ ಬದಲಾಗದಿರುವುದೇ ಇದರ ಗುಟ್ಟು. ಜಿಪುಣ ಜಿಪುಣನಾಗಿಯೇ ಉಳಿಯಬೇಕು, ಮುಗ್ಧ ಪ್ರತಿ ವಾರವೂ ಮೋಸಹೋಗಬೇಕು.

ಈ ಪ್ರಕಾರಕ್ಕೆ ಟೆಲಿವಿಷನ್‌ನಲ್ಲಿ ಗಟ್ಟಿ ರೂಪ ಕೊಟ್ಟದ್ದು 1951ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ‘ಐ ಲವ್ ಲೂಸಿ’. ಲೂಸಿಲ್ ಬಾಲ್ ಮತ್ತು ಆಕೆಯ ಪತಿ ಡೆಸಿ ಆರ್ನಾಜ್ ಅದರ ನಾಯಕ–ನಾಯಕಿ. ಸ್ಟುಡಿಯೊದಲ್ಲಿ ಪ್ರೇಕ್ಷಕರನ್ನು ಕೂರಿಸಿ, ನಾಟಕದಂತೆ ಆಡಿಸಿ, ಮೂರು ಕ್ಯಾಮೆರಾಗಳಿಂದ ಏಕಕಾಲಕ್ಕೆ ಫಿಲ್ಮಿನ ಮೇಲೆ ಚಿತ್ರೀಕರಿಸುವ ಪದ್ಧತಿ ಅದರಿಂದ ಜನಪ್ರಿಯವಾಯಿತು. ಫಿಲ್ಮಿನಲ್ಲಿ ಉಳಿದದ್ದರಿಂದ ಮರುಪ್ರಸಾರವೂ ಸುಲಭವಾಯಿತು. ಅದೇ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ತಂತ್ರಜ್ಞ ನಗುವನ್ನು ಮುದ್ರಿಸಿಟ್ಟು, ಗುಂಡಿ ಒತ್ತಿದಾಗ ಬೇಕಾದ ಪ್ರಮಾಣದ ನಗು ಹೊರಡಿಸುವ ಯಂತ್ರ ರೂಪಿಸಿದ. ಎಲ್ಲಿ ನಗಬೇಕು ಎಂದು ಪ್ರೇಕ್ಷಕನಿಗೆ ಹೇಳಿಕೊಡುವ ಅಭ್ಯಾಸ ಅಂದು ಶುರುವಾದದ್ದು ಇಂದಿಗೂ ನಿಂತಿಲ್ಲ.

ಶುಕ್ರವಾರದ ರಾತ್ರಿ

ಭಾರತಕ್ಕೆ ಬಣ್ಣದ ಟೆಲಿವಿಷನ್ ಬಂದದ್ದು ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ. ಎರಡು ವರ್ಷಗಳ ನಂತರ, 1984ರ ಜುಲೈಯಲ್ಲಿ ‘ಹಮ್ ಲೋಗ್’ ಆರಂಭವಾಯಿತು. ಅದೇ ವರ್ಷ ಶುಕ್ರವಾರ ರಾತ್ರಿಗಳಿಗೆ ‘ಯೇ ಜೋ ಹೈ ಜಿಂದಗಿ’ ಬಂತು. ಖಾಸಗಿ ಕಂಪೆನಿಗಳು ಪ್ರಾಯೋಜಕರಾಗಿ ಧಾರಾವಾಹಿಗೆ ಹಣ ಹೂಡುವ ವ್ಯವಸ್ಥೆ ಆಗಷ್ಟೇ ಕಣ್ಣು ಬಿಡುತ್ತಿತ್ತು. ವಿಕೊ ಕಂಪೆನಿಯ ಜಾಹೀರಾತು ಈ ಧಾರಾವಾಹಿಯ ಜೊತೆಗೇ ಜನರ ಬಾಯಲ್ಲಿ ನಿಂತಿತು.

ಇದನ್ನು ಬರೆದವರು ಹಿಂದಿಯ ಪ್ರಸಿದ್ಧ ವಿಡಂಬನಕಾರ ಶರದ್ ಜೋಶಿ. ನಿರ್ದೇಶಕರಲ್ಲಿ ಒಬ್ಬರು ‘ಜಾನೆ ಭಿ ದೋ ಯಾರೋ’ ಚಿತ್ರದ ಕುಂದನ್ ಶಾ. ಗಂಡ ಶಫಿ ಇನಾಂದಾರ್, ಹೆಂಡತಿ ಸ್ವರೂಪ್ ಸಂಪತ್, ಅವರ ಮನೆಯಲ್ಲಿ ಠಿಕಾಣಿ ಹೂಡಿದ ಭಾವಮೈದುನ ರಾಕೇಶ್ ಬೇಡಿ. ಸತೀಶ್ ಶಾ ಕಂತಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ಬಾಸ್, ನೆಂಟ, ಹೀಗೆ ಅವರು ಯಾವ ರೂಪದಲ್ಲಿ ಬಂದಾರು ಎಂಬ ಕುತೂಹಲವೇ ವಾರವಿಡೀ ಕಾಯುವಂತೆ ಮಾಡುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಸಿನಿಮಾದ ಜೊತೆಗೆ ಈ ವೇಷಗಳನ್ನೂ ಜನ ನೆನೆದರು.

ಗಮನಿಸಬೇಕಾದ ಅಂಶವೆಂದರೆ ಈ ನಟರಲ್ಲಿ ಬಹುತೇಕರು ರಂಗಭೂಮಿಯಿಂದ ಅಥವಾ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದವರು. ಅವರು ಮೊದಲು ಪಾತ್ರವಾಗಿ ಪರಿಚಯವಾದರು, ಆಮೇಲೆ ವ್ಯಕ್ತಿಯಾಗಿ. ಅವರ ಮದುವೆ, ಬಂಗಲೆ, ಜಗಳಗಳ ಸುದ್ದಿ ಪ್ರೇಕ್ಷಕನಿಗೆ ತಲುಪುವ ದಾರಿಯೇ ಕಡಿಮೆಯಿತ್ತು. ಆದ್ದರಿಂದ ತೆರೆಯ ಮೇಲಿನ ಗುಮಾಸ್ತ ಗುಮಾಸ್ತನಾಗಿಯೇ ಕಾಣುತ್ತಿದ್ದ.

ಮೈಸೂರಿನ ಕುಂಚ, ಮುಂಬೈಯ ಗುಮಾಸ್ತ

ಆ ಕಾಲದ ಹಾಸ್ಯಕ್ಕೆ ಕರ್ನಾಟಕದ ಋಣವೂ ಇದೆ. ‘ವಾಗ್ಲೆ ಕಿ ದುನಿಯಾ’ ಹುಟ್ಟಿದ್ದು ಮೈಸೂರಿನಲ್ಲಿ ಜನಿಸಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನಿಂದ. 1951ರಿಂದ ಪತ್ರಿಕೆಯ ಮುಖಪುಟದಲ್ಲಿ ಬಾಯಿ ಬಿಡದೆ ದೇಶದ ಆಗುಹೋಗು ನೋಡುತ್ತಿದ್ದ ಆ ಚೌಕುಳಿ ಕೋಟಿನ ಮನುಷ್ಯನ ಮಧ್ಯಮವರ್ಗದ ಬದುಕಿಗೆ ಇಲ್ಲಿ ಮಾತು ಬಂತು. ಅಂಜನ್ ಶ್ರೀವಾಸ್ತವ್ ಮತ್ತು ಭಾರತಿ ಆಚರೇಕರ್ ವಾಗ್ಲೆ ದಂಪತಿಯಾದರು. ತಿಂಗಳ ಕೊನೆ, ಬಸ್ಸಿನ ಸಾಲು, ಬಾಸ್‌ನ ಸಿಡುಕು, ಇವಿಷ್ಟೇ ಅದರ ಬಂಡವಾಳ.

ಲಕ್ಷ್ಮಣ್ ಅವರ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ‘ಮಾಲ್ಗುಡಿ ಡೇಸ್’ ಮಾಡಿದ್ದೂ ಇದೇ ಅವಧಿಯಲ್ಲಿ. ಅದು ಶುದ್ಧ ಹಾಸ್ಯ ಧಾರಾವಾಹಿಯಲ್ಲದಿದ್ದರೂ ಅದರ ಮಂದಹಾಸ ಅದೇ ಮನೆತನದ್ದು. ಅದರಲ್ಲಿ ಕನ್ನಡ ನಟರ ದಂಡೇ ಇತ್ತು. ಗಿರೀಶ ಕಾರ್ನಾಡ್ ಅವರಂಥ ಹೆಸರಾಂತರೂ ಸ್ವಾಮಿಯ ಅಪ್ಪನಾಗಿ ಬಂದರೆ ಅಪ್ಪನಾಗಿಯೇ ಕಂಡರು.

ಕಚೇರಿಯ ಮುಂದೆ ನಿಂತ ಹಾಸ್ಯ

ಮನೆಯ ಹೊಸ್ತಿಲು ದಾಟಿ ಸರ್ಕಾರಿ ಕಚೇರಿಗೆ ಹಾಸ್ಯವನ್ನು ಒಯ್ದವರು ಜಸ್ಪಾಲ್ ಭಟ್ಟಿ. ಚಂಡೀಗಢದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಅವರು ‘ನಾನ್‌ಸೆನ್ಸ್ ಕ್ಲಬ್’ ಕಟ್ಟಿಕೊಂಡು ಬೀದಿ ಪ್ರಹಸನ ಆಡಿದವರು, ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದವರು. 1989ರ ಅವರ ‘ಫ್ಲಾಪ್ ಶೋ’ ನಡೆದದ್ದು ಕೇವಲ ಹತ್ತು ಕಂತು. ಸುಳ್ಳು ವೈದ್ಯಕೀಯ ಬಿಲ್ಲು ಕೊಡುವ ನೌಕರರು, ಸಂಶೋಧನಾ ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಪ್ರಾಧ್ಯಾಪಕ, ಗುತ್ತಿಗೆದಾರನ ಜೊತೆ ಹಂಚಿಕೊಳ್ಳುವ ಎಂಜಿನಿಯರ್, ಸತ್ತ ಟೆಲಿಫೋನು ಮುಂತಾದವು ಕಂತಿಗೊಂದರಂತೆ ಬಂದವು. ಕೊನೆಯಲ್ಲಿ ಸಿನಿಮಾ ಹಾಡಿನ ಧಾಟಿಯ ಅಣಕು ಹಾಡು. ಸರ್ಕಾರದ ವಾಹಿನಿಯಲ್ಲೇ ಸರ್ಕಾರಿ ನೌಕರಶಾಹಿಯ ನಗೆಪಾಟಲು ನಡೆಯಿತು ಎಂಬುದು ಇಂದು ಅಚ್ಚರಿಯೆನಿಸುತ್ತದೆ. 2012ರಲ್ಲಿ ರಸ್ತೆ ಅಪಘಾತದಲ್ಲಿ ಭಟ್ಟಿ ಮೃತರಾದರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮಭೂಷಣ ಬಂತು.

2001ರಲ್ಲಿ ಸಬ್ ಟಿವಿಯಲ್ಲಿ ಬಂದ ‘ಆಫೀಸ್ ಆಫೀಸ್’ ಈ ಧಾಟಿಯ ಮುಂದುವರಿಕೆ. ಪಂಕಜ್ ಕಪೂರ್ ಅದರಲ್ಲಿ ಮುಸದ್ದಿಲಾಲ್ ಎಂಬ ಬಡಪಾಯಿ. ಆತ ಪ್ರತಿ ಕಂತಿನಲ್ಲೂ ಬೇರೆ ಕಚೇರಿಗೆ ಹೋಗುತ್ತಾನೆ, ಆದರೆ ಎದುರಾಗುವ ನೌಕರರ ಮುಖಗಳು ಮಾತ್ರ ಅವೇ. ನಟರನ್ನು ಬದಲಿಸದ ಆ ಸಣ್ಣ ಉಪಾಯದಲ್ಲಿ ಒಂದು ದೊಡ್ಡ ಮಾತು ಅಡಗಿತ್ತು: ಬೋರ್ಡು ಬದಲಾದರೂ ಕೈಚಾಚುವವರು ಬದಲಾಗುವುದಿಲ್ಲ.

ಹಳೆಯದೆಲ್ಲ ಹೊನ್ನಲ್ಲ

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಬಣ್ಣಿಸುವುದು ಸರಿಯಲ್ಲ. ದೂರದರ್ಶನಕ್ಕೆ ಆಗ ಪ್ರತಿಸ್ಪರ್ಧಿಯೇ ಇರಲಿಲ್ಲ. ಬೇರೆ ಆಯ್ಕೆಯಿಲ್ಲದ ಪ್ರೇಕ್ಷಕ ಬಂದದ್ದನ್ನು ನೋಡಬೇಕಿತ್ತು. ಅಂದಿನ ನೀರಸ ಕಾರ್ಯಕ್ರಮಗಳು ಮರೆತುಹೋಗಿವೆ, ಚೆನ್ನಾಗಿದ್ದವು ಮಾತ್ರ ನೆನಪಿನಲ್ಲಿ ಉಳಿದಿವೆ. ಭಟ್ಟಿಯವರ ವ್ಯಂಗ್ಯವೂ ಎಂಜಿನಿಯರ್, ಡಾಕ್ಟರ್ ಎಂಬ ಮಾದರಿಗಳನ್ನು ಚುಚ್ಚಿತೇ ಹೊರತು ಅಧಿಕಾರಸ್ಥರ ಹೆಸರೆತ್ತಲಿಲ್ಲ. ತೆರೆಯ ಮೇಲಿನ ಮನೆಗಳು ಹೆಚ್ಚಾಗಿ ಉತ್ತರ ಭಾರತದ ನಗರದ ಮಧ್ಯಮವರ್ಗದವು. ದಲಿತರು, ಹಳ್ಳಿಯವರು, ಕೂಲಿಯವರು ಅಲ್ಲಿ ಅಪರೂಪ. ಬೀದಿ ಬದಿಯ ದುಡಿಯುವವರನ್ನು ನಡುವೆ ತಂದ ‘ನುಕ್ಕಡ್’ನಂಥವು ಬೆರಳೆಣಿಕೆಯಷ್ಟು.

ಆದರೂ ಅಂದಿನ ವ್ಯವಸ್ಥೆಯಲ್ಲಿ ಬರಹಗಾರನಿಗೆ ಒಂದು ಅನುಕೂಲವಿತ್ತು. ಧಾರಾವಾಹಿ ವಾರಕ್ಕೊಮ್ಮೆ ಬರುತ್ತಿತ್ತು, ಸಾಮಾನ್ಯವಾಗಿ ಹದಿಮೂರು ಕಂತುಗಳ ಲೆಕ್ಕದಲ್ಲಿ ಮಂಜೂರಾಗುತ್ತಿತ್ತು. ಅರ್ಧ ಗಂಟೆಯೊಳಗಿನ ಪ್ರಹಸನಕ್ಕೆ ಒಂದು ವಾರದ ಯೋಚನೆ ಸಿಗುತ್ತಿತ್ತು. ಹಾಸಿಗೆ ಚಿಕ್ಕದಿದ್ದುದರಿಂದ ಕಾಲು ಅಳತೆ ಮೀರಲಿಲ್ಲ.

ಪ್ರವಾಹ ಬಂದ ಮೇಲೆ

1992ರ ಅಕ್ಟೋಬರ್ 2ರಂದು ಜೀ ಟಿವಿ ಆರಂಭವಾಯಿತು. ಉಪಗ್ರಹ ವಾಹಿನಿಗಳ ಪ್ರವಾಹದಲ್ಲಿ ಹಾಸ್ಯಕ್ಕೆ ಮೊದಲು ಒಳ್ಳೆಯ ದಿನಗಳೇ ಬಂದವು. 1993ರಲ್ಲಿ ದೂರದರ್ಶನದ ಮೆಟ್ರೊ ವಾಹಿನಿಯಲ್ಲಿ ‘ದೇಖ್ ಭಾಯ್ ದೇಖ್’, 1995ರಲ್ಲಿ ಜೀಯಲ್ಲಿ ‘ಹಮ್ ಪಾಂಚ್’ ಮನೆಮಾತಾದವು. ಆದರೆ 2000ದ ನಂತರ ಅತ್ತೆ–ಸೊಸೆ ಧಾರಾವಾಹಿಗಳು ದಿನವೂ ಬರತೊಡಗಿದವು. ದಿನವೂ ತುಂಬಿಸಬೇಕಾದ ಸಮಯಕ್ಕೆ ವಾರದ ಹಾಸ್ಯ ಹೊಂದಿಕೊಳ್ಳಲಿಲ್ಲ.

2004ರಲ್ಲಿ ಸ್ಟಾರ್ ಒನ್‌ನಲ್ಲಿ ಬಂದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಮುಂಬೈಯ ಸಿರಿವಂತ ಅತ್ತೆ, ಮಧ್ಯಮವರ್ಗದ ಸೊಸೆ. ಇದೂ ಅತ್ತೆ–ಸೊಸೆಯ ಕಥೆಯೇ, ಆದರೆ ಕಣ್ಣೀರಿನ ಬದಲು ವರ್ಗಭೇದದ ವಿಡಂಬನೆ. ಮೊದಲ ಪ್ರಸಾರದಲ್ಲಿ ಅದಕ್ಕೆ ರೇಟಿಂಗ್ ಸಿಗಲಿಲ್ಲ, 2006ರಲ್ಲಿ ನಿಂತಿತು. ಅದರ ಅಭಿಮಾನಿಗಳು ಹುಟ್ಟಿದ್ದು ಮುಖ್ಯವಾಗಿ ಮರುಪ್ರಸಾರದಿಂದ, ನಂತರ ಅಂತರ್ಜಾಲದಿಂದ. ಇನ್ನೊಂದು ತುದಿಯಲ್ಲಿ ತಾರಕ್ ಮೆಹ್ತಾ ಅವರ ಗುಜರಾತಿ ಅಂಕಣವನ್ನು ಆಧರಿಸಿ 2008ರಲ್ಲಿ ಆರಂಭವಾದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ 2024ರಲ್ಲಿ 4000 ಕಂತು ದಾಟಿತು. ಹತ್ತು ಕಂತಿನ ‘ಫ್ಲಾಪ್ ಶೋ’ ಎಲ್ಲಿ, ನಾಲ್ಕು ಸಾವಿರ ಕಂತು ಎಲ್ಲಿ! ಎರಡೂ ಜನಪ್ರಿಯವೇ. ಆದರೆ ಒಂದು ಹೇಳಬೇಕಾದ್ದನ್ನು ಹೇಳಿ ಎದ್ದು ಹೋಗುತ್ತದೆ, ಇನ್ನೊಂದು ಸಂಜೆಯ ಚಹಾದಂತೆ ಅಭ್ಯಾಸವಾಗುತ್ತದೆ.

ಜಗಲಿಗೆ ಬಂದ ತಾರೆ

ತಿರುವು ಬಂದದ್ದು 2005ರಲ್ಲಿ, ‘ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಎಂಬ ಸ್ಪರ್ಧೆಯೊಂದಿಗೆ. ಒಬ್ಬನೇ ನಿಂತು ನಗಿಸುವವನಿಗೆ ಅದು ವೇದಿಕೆಯಾಯಿತು. ಅದರ 2007ರ ಆವೃತ್ತಿಯನ್ನು ಗೆದ್ದವರು ಅಮೃತಸರದ ಕಪಿಲ್ ಶರ್ಮಾ. 2013ರ ಜೂನ್‌ನಲ್ಲಿ ಕಲರ್ಸ್ ವಾಹಿನಿಯಲ್ಲಿ ಅವರ ‘ಕಾಮಿಡಿ ನೈಟ್ಸ್’ ಆರಂಭವಾಯಿತು. ಒಂದು ಮಧ್ಯಮವರ್ಗದ ಮನೆ, ಅಜ್ಜಿ, ಅತ್ತೆ, ಹೆಂಡತಿ, ನೆರೆಯವರು, ಅವರ ನಡುವೆ ಬಂದು ಕೂರುವ ಸಿನಿಮಾ ತಾರೆ. ಬ್ರಿಟನ್ನಿನ ಬಿಬಿಸಿಯಲ್ಲಿ 2001ರಲ್ಲಿ ಆರಂಭವಾದ ‘ದಿ ಕುಮಾರ್ಸ್ ಅಟ್ ನಂಬರ್ 42’ರ ಚೌಕಟ್ಟನ್ನು ಇದು ಹೋಲುತ್ತದೆಂದು ಹಲವರು ಗುರುತಿಸಿದ್ದಾರೆ. 2016ರಿಂದ ಸೋನಿ ವಾಹಿನಿಯಲ್ಲಿ, 2024ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಹೊಸ ಹೊಸ ಹೆಸರಿನಲ್ಲಿ ಈ ಜಗಲಿ ಮುಂದುವರಿಯಿತು.

ಇದರ ಹಿಂದಿನ ಲೆಕ್ಕಾಚಾರ ಸರಳ. ಈಗ ದೊಡ್ಡ ಚಿತ್ರವೊಂದು ಸಾವಿರಾರು ಪರದೆಗಳಲ್ಲಿ ಒಂದೇ ದಿನ ಬಿಡುಗಡೆಯಾಗುತ್ತದೆ. ಮೊದಲ ಮೂರು ದಿನಗಳ ಗಳಿಕೆಯ ಮೇಲೆ ಅದರ ಹಣೆಬರಹ ನಿಂತಿರುತ್ತದೆ. ಹಿಂದಿನಂತೆ ಇಪ್ಪತ್ತೈದು ವಾರ ಓಡಿ ಬಾಯಿಮಾತಿನಿಂದ ಗೆಲ್ಲುವ ಕಾಲ ಮುಗಿದಿದೆ. ಆದ್ದರಿಂದ ಶುಕ್ರವಾರಕ್ಕೆ ಮುಂಚೆ ಮನೆಮನೆಗೂ ತಲುಪಬೇಕು. ನಿರ್ಮಾಪಕನಿಗೆ ಪ್ರಚಾರ ಬೇಕು, ವಾಹಿನಿಗೆ ತಾರೆ ಬೇಕು. ಒಬ್ಬರು ಇನ್ನೊಬ್ಬರಿಗೆ ಬೇಕಾದದ್ದನ್ನು ಕೊಡುತ್ತಾರೆ. ನಡುವೆ ಹಾಸ್ಯ ಆ ವಿನಿಮಯದ ಬಾಳೆಎಲೆಯಾಗುತ್ತದೆ. ಊಟ ಬೇರೆಯೇ.

ಇದರಿಂದ ಕಪಿಲ್ ಮತ್ತು ಸಂಗಡಿಗರ ಪ್ರತಿಭೆಯನ್ನು ತಳ್ಳಿಹಾಕಿದಂತಾಗುವುದಿಲ್ಲ. ಸಣ್ಣ ಊರಿನ ಭಾಷೆ, ಕ್ಷಣಾರ್ಧದ ಮರುಮಾತು ಅವರ ಶಕ್ತಿ. ಆದರೆ ಅತಿಥಿಯನ್ನು ನೋಯಿಸುವಂತಿಲ್ಲ, ಅವನ ಹೊಸ ಚಿತ್ರವನ್ನು ಹೊಗಳಲೇಬೇಕು. ಹೀಗಿರುವಾಗ ಬಾಣ ತಿರುಗುವುದು ಯಾರತ್ತ? ಮನೆಯವರತ್ತಲೇ. ಹೆಂಡತಿಯ ಪಾತ್ರದ ತುಟಿಯ ಆಕಾರ, ಒಬ್ಬರ ದಪ್ಪ ಮೈ, ಹೆಂಗಸಿನ ಉಡುಪು ತೊಟ್ಟ ಗಂಡಸರ ಬಳುಕು ಇವೇ ಪದೇಪದೇ ನಗುವಿನ ಸರಕಾದವು. ಈ ಬಗ್ಗೆ ಟೀಕೆ ಬಂದದ್ದೂ ಉಂಟು.

ಯಾರನ್ನು ನೋಡಿ ನಕ್ಕರೆ ಕ್ಷೇಮ?

ಇಲ್ಲಿ ಒಂದು ಘಟನೆ ಗಮನಾರ್ಹ. ಕಪಿಲ್ ತಂಡದ ನಟ ಕಿಕು ಶಾರದಾ ಕಾರ್ಯಕ್ರಮವೊಂದರಲ್ಲಿ ಡೇರಾ ಸಚ್ಚಾ ಸೌದಾದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ ಅವರನ್ನು ಅನುಕರಿಸಿದ್ದರು. ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂಬ ದೂರಿನ ಮೇಲೆ 2016ರ ಜನವರಿಯಲ್ಲಿ ಹರಿಯಾಣ ಪೊಲೀಸರು ಅವರನ್ನು ಬಂಧಿಸಿದರು. ನಂತರ ಜಾಮೀನು ಸಿಕ್ಕಿತು. ಮರುವರ್ಷ ಅದೇ ಡೇರಾ ಮುಖ್ಯಸ್ಥ ಅತ್ಯಾಚಾರ ಪ್ರಕರಣದಲ್ಲಿ ಅಪರಾಧಿಯೆಂದು ನ್ಯಾಯಾಲಯ ತೀರ್ಪಿತ್ತಿತು.

ಹೆಂಡತಿಯ ತುಟಿಯನ್ನು ಗೇಲಿ ಮಾಡಿದ್ದಕ್ಕೆ ಯಾರೂ ಠಾಣೆಗೆ ಹೋಗಲಿಲ್ಲ, ಬಲಶಾಲಿಯನ್ನು ಅನುಕರಿಸಿದ್ದಕ್ಕೆ ನಟ ಹೋಗಬೇಕಾಯಿತು. ಹಳೆಯ ಹಾಸ್ಯಕ್ಕೂ ಹೊಸದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ವಾಗ್ಲೆಯನ್ನು ನೋಡಿ ನಗುವವನು ತನ್ನನ್ನೇ ನೋಡಿ ನಗುತ್ತಿದ್ದ. ಭಟ್ಟಿಯನ್ನು ನೋಡಿ ನಗುವವನು ತನ್ನನ್ನು ಸತಾಯಿಸಿದವರನ್ನು ನೋಡಿ ನಗುತ್ತಿದ್ದ. ತಾರೆಯ ಸುತ್ತಲಿನ ಹಾಸ್ಯದಲ್ಲಿ ನಗು ಹೆಚ್ಚಾಗಿ ಕೆಳಮುಖವಾಗಿ ಹರಿಯುತ್ತದೆ, ಏಕೆಂದರೆ ಮೇಲಿರುವವನು ಅತಿಥಿ.

ಇದನ್ನು ನಟರ ಅಥವಾ ಬರಹಗಾರರ ಅಳುಕು ಎಂದಷ್ಟೇ ಹೇಳಿದರೆ ಅನ್ಯಾಯವಾದೀತು. ದೂರು, ಮೊಕದ್ದಮೆ, ಪ್ರಾಯೋಜಕರ ಹಿಂಜರಿಕೆ, ರೇಟಿಂಗ್‌ನ ಒತ್ತಡ ಎಲ್ಲವೂ ಸೇರಿ ಕ್ಷೇಮವಾದ ನಗುವಿಗೆ ದಾರಿ ತೋರುತ್ತವೆ.

ಕನ್ನಡದ ಕಿರುತೆರೆಯಲ್ಲಿ

ಕನ್ನಡದಲ್ಲೂ ಈ ದಾರಿಯೇ ಕಾಣುತ್ತದೆ. ದೂರದರ್ಶನ ಕಾಲದ ‘ಸಿಹಿ ಕಹಿ’ ಧಾರಾವಾಹಿ ಎಷ್ಟು ಜನಪ್ರಿಯವಾಯಿತೆಂದರೆ ನಟ ಚಂದ್ರು, ನಟಿ ಗೀತಾ ಅವರ ಹೆಸರಿಗೆ ಅದು ಶಾಶ್ವತವಾಗಿ ಅಂಟಿಕೊಂಡಿತು. ಇಲ್ಲಿ ಪಾತ್ರ ನಟನಿಗೆ ಹೆಸರು ಕೊಟ್ಟಿತು. 2000ದ ದಶಕದಲ್ಲಿ ಈಟಿವಿ ಕನ್ನಡದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಅಪ್ಪಟ ಮನೆಯ ಹಾಸ್ಯವನ್ನು ಉಳಿಸಿಕೊಂಡವು. 2015ರಲ್ಲಿ ಆರಂಭವಾದ ‘ಮಜಾ ಟಾಕೀಸ್’ ಸೃಜನ್ ಲೋಕೇಶ್ ಅವರ ಸಾರಥ್ಯದಲ್ಲಿ ಮನೆಯ ಪ್ರಹಸನಕ್ಕೆ ಚಿತ್ರತಂಡಗಳ ಭೇಟಿಯನ್ನು ಬೆಸೆಯಿತು. ದೂರದರ್ಶನದ ನಿರೂಪಣೆಯ ಅಚ್ಚ ಕನ್ನಡಕ್ಕೆ ಹೆಸರಾಗಿದ್ದ ಅಪರ್ಣಾ ಅಲ್ಲಿ ವರಲಕ್ಷ್ಮಿಯೆಂಬ ಬೆಡಗಿನ ಪಾತ್ರದಲ್ಲಿ ನಗಿಸಿದರು. ತಾರೆಯರು ಬಂದು ಹೋದರು, ಆದರೆ 2024ರಲ್ಲಿ ಅಪರ್ಣಾ ತೀರಿಕೊಂಡಾಗ ಪ್ರೇಕ್ಷಕರು ನೆನಪಿಸಿಕೊಂಡದ್ದು ವರಲಕ್ಷ್ಮಿಯನ್ನು. ಅತಿಥಿಗಿಂತ ಪಾತ್ರಕ್ಕೆ ಆಯುಸ್ಸು ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಂಚಾಯಿತಿ ಕಟ್ಟೆಗೆ

ಹಾಗಾದರೆ ಹಳೆಯ ಬಗೆಯ ಹಾಸ್ಯ ಸತ್ತಿತೇ? ಇಲ್ಲ, ವಾಸ ಬದಲಿಸಿದೆ. 2020ರಲ್ಲಿ ಪ್ರೈಮ್ ವಿಡಿಯೊದಲ್ಲಿ ಬಂದ ‘ಪಂಚಾಯತ್’ ಸರಣಿಯ ಮೊದಲ ಆವೃತ್ತಿ ಎಂಟೇ ಕಂತುಗಳದು. ಬೇರೆ ಕೆಲಸ ಸಿಗದ ಎಂಜಿನಿಯರಿಂಗ್ ಪದವೀಧರನೊಬ್ಬ ಉತ್ತರ ಪ್ರದೇಶದ ಫುಲೇರಾ ಎಂಬ ಕಲ್ಪಿತ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಅಲ್ಲಿ ಚುನಾಯಿತ ಪ್ರಧಾನೆ ಮಂಜುದೇವಿ, ಆಡಳಿತ ನಡೆಸುವವನು ಆಕೆಯ ಗಂಡ. ಮಹಿಳಾ ಮೀಸಲಾತಿ ಬಂದ ಮೇಲೆ ‘ಅಧ್ಯಕ್ಷೆಯ ಯಜಮಾನರು’ ಕುರ್ಚಿಯ ಪಕ್ಕ ಕುಳಿತದ್ದನ್ನು ಕಂಡಿರುವ ಕರ್ನಾಟಕದ ಹಳ್ಳಿಗಳವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದರ ಎರಡನೇ ಆವೃತ್ತಿಗೆ 2023ರ ಗೋವಾ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಸ್ಥಾಪಿಸಲಾದ ವೆಬ್ ಸರಣಿ ಪ್ರಶಸ್ತಿ ದೊರೆಯಿತು.

ಆ ಗಂಡನ ಪಾತ್ರ ಮಾಡಿದವರು ರಘುವೀರ್ ಯಾದವ್. 1989ರಲ್ಲಿ ದೂರದರ್ಶನದ ‘ಮುಂಗೇರಿಲಾಲ್ ಕೆ ಹಸೀನ್ ಸಪನೆ’ಯಲ್ಲಿ ಹಗಲುಗನಸು ಕಾಣುತ್ತಿದ್ದ ಬಡ ಮುಂಗೇರಿಲಾಲ್ ಇವರೇ. ಮೂರು ದಶಕ ಕಳೆದರೂ ಅವರನ್ನು ನೋಡುವವರಿಗೆ ಅವರ ಬಂಗಲೆಯಾಗಲಿ ಕಾರಾಗಲಿ ನೆನಪಾಗುವುದಿಲ್ಲ. ಹಳ್ಳಿಯ ಪ್ರಧಾನರಷ್ಟೇ ಕಾಣುತ್ತಾರೆ.

ಕಂತು ಕಡಿಮೆ, ಬರಹಕ್ಕೆ ಬಿಡುವು, ಪಾತ್ರದೊಳಗೆ ಕರಗುವ ನಟರು, ನೋಡುವವನಿಗೆ ಗುರುತು ಸಿಗುವ ತಾಪತ್ರಯ. 1984ರಲ್ಲಿ ಗೆಲ್ಲಿಸಿದ್ದೂ ಇವೇ, 2020ರಲ್ಲಿ ಗೆಲ್ಲಿಸಿದ್ದೂ ಇವೇ. ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅಂದು ಶುಕ್ರವಾರ ರಾತ್ರಿ ನೆರೆಹೊರೆಯವರೆಲ್ಲ ಟಿವಿ ಇದ್ದ ಒಂದೇ ಮನೆಯಲ್ಲಿ ಕೂತು ನಗುತ್ತಿದ್ದರು. ಚಂದಾ ಕಟ್ಟಿದವರು ಇಂದು ತಂತಮ್ಮ ಕೈಯಲ್ಲಿರುವ ಫೋನು ನೋಡುತ್ತ, ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬರೇ ನಗುತ್ತಾರೆ. ಒಳ್ಳೆಯ ಹಾಸ್ಯ ಈಗಲೂ ಇದೆ. ಒಟ್ಟಿಗೆ ಕೂತು ನಗುವ ಜಗಲಿಯನ್ನು ಮಾತ್ರ ತಾರೆಯರಿಗೆ ಬಿಟ್ಟುಕೊಡಲಾಗಿದೆ.